ಬಿಳಿಗೆ ಬಿಟ್ಟ ಜಾಗ

ಮುಂಬಯಿಯಲ್ಲಿ ನಾನು ಕಲಿತ ಮೊದಲ ಪಾಠ ಬಣ್ಣದ್ದು. 1979ರಲ್ಲಿ ಹುಬ್ಬಳ್ಳಿಯಿಂದ ಬಂದವನು ಗಿರಗಾಂವದ ಒಂದು ಸಣ್ಣ ಮುದ್ರಣಾಲಯ ಸೇರಿಕೊಂಡೆ. ಒಂದು ಸಲಕ್ಕೆ ಒಂದೇ ಬಣ್ಣ ಅಚ್ಚು ಹಾಕುವ ಹಳೆಯ ಆಫ್‌ಸೆಟ್ ಯಂತ್ರ, ಅದಕ್ಕೆ ಹಾಳೆ ಕೊಡುವ ಕೆಲಸ ನನ್ನದು. ಫೋರ್‌ಮನ್ ಕುಂದಾಪುರದ ಕಡೆಯವರು. ಕನ್ನಡದವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಒಳಗೆ ಬಿಟ್ಟುಕೊಂಡಿದ್ದರು. ಅದೇ ಕಾರಣಕ್ಕೆ ಎಲ್ಲರಿಗಿಂತ ಹೆಚ್ಚು ಬೈಯುತ್ತಲೂ ಇದ್ದರು.

ಆಗಸ್ಟ್ ಹತ್ತಿರ ಬಂತೆಂದರೆ ಶಾಲೆಗಳಿಂದ ಕಾಗದದ ಬಾವುಟಗಳಿಗೆ ಆರ್ಡರ್ ಬರುತ್ತಿತ್ತು. ಒಂದು ದೊಡ್ಡ ಹಾಳೆಯಲ್ಲಿ ಹತ್ತಾರು ಬಾವುಟಗಳು. ಮೊದಲು ಕೇಸರಿ, ಅದು ಒಣಗಿದ ಮೇಲೆ ಹಸಿರು, ಕೊನೆಗೆ ನೀಲಿ ಚಕ್ರ. ಹೊರಗೆ ಜಡಿಮಳೆ. ಮುಂಬಯಿ ಮಳೆಗಾಲದಲ್ಲಿ ಕಾಗದವೂ ನೀರು ಕುಡಿಯುತ್ತದೆ. ಇವತ್ತು ಒಂದು ಬಣ್ಣ ಹೊಡೆದ ಹಾಳೆ ನಾಳೆ ಬೆಳಿಗ್ಗೆ ಅದೇ ಅಳತೆಯಲ್ಲಿ ಇರುವುದಿಲ್ಲ. ಇದು ಗೊತ್ತಿಲ್ಲದ ನಾನು ಹಾಳೆಯನ್ನು ಸ್ವಲ್ಪ ಓರೆಯಾಗಿಯೂ ಕೊಟ್ಟಿದ್ದೆ. ಹಸಿರು ಮೇಲಕ್ಕೆ ಏರಿ ಕೂತಿತ್ತು. ಅಂಚಿನ ಸಾಲಿನ ಬಾವುಟಗಳಲ್ಲಿ ಕೇಸರಿ ಸರಿ, ಹಸಿರು ಸರಿ, ನಡುವಿನದು ಮಾತ್ರ ಬಡಕಲು.

ಫೋರ್‌ಮನ್ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದರು. "ಬಿಳಿ ತಿಂದ್ಯಲ್ಲ ಮಾರಾಯಾ!" ಅಂದರು.

"ಬಿಳಿ ಎಲ್ಲಿ ಹೊಡದೀವ್ರೀ ನಾವು? ಬಿಳಿ ಬಣ್ಣನ ಹಾಕಿಲ್ಲಲ್ಲ" ಅಂದೆ ನಾನು.

"ಅದಕ್ಕೇ ಹೇಳಿದ್ದು. ಹೊಡೆಯೂದಲ್ಲ ಅದು. ಬಿಡೂದು."

ಅಷ್ಟೂ ಹಾಳೆಗಳನ್ನು ಬದಿಗಿಡಿಸಿದರು. ಬಾವುಟವನ್ನು ರದ್ದಿಗೆ ಹಾಕುವಂತಿಲ್ಲವಾದ್ದರಿಂದ ಅವನ್ನು ಹಿಂದಿನ ಅಂಗಳದಲ್ಲಿ, ಯಾರಿಗೂ ಕಾಣದಂತೆ, ಅವರೇ ನಿಂತು ಸುಟ್ಟರು. ಕಾಗದದ ದುಡ್ಡು ನನ್ನ ಪಗಾರದಲ್ಲಿ ಕಟ್ಟಾಯಿತು. ಆ ದುಡ್ಡಿಗೆ ಸಿಕ್ಕ ವಿದ್ಯೆ ಇಷ್ಟು: ಮೂರು ಬಣ್ಣದ ಕೆಲಸದಲ್ಲಿ ಮೂರನೆಯದರ ಮೇಲೆ ಕಣ್ಣಿಡಬೇಕು. ಕೆಡುವುದು ಅದೇ, ಉಳಿದೆರಡನ್ನು ಕಾಪಾಡುವುದೂ ಅದೇ.

ಈಗಿನ ವಿನ್ಯಾಸದ ಹುಡುಗರಿಗೆ ಇದು ಶಾಸ್ತ್ರ. ಒಂದು ಕಂಪನಿಯ ಗುರುತಿರಲಿ, ಅಂಗಡಿಯ ಬೋರ್ಡಿರಲಿ, ಉಡುಪಿರಲಿ, ಮೂರು ಬಣ್ಣ ಸಾಕು ಎನ್ನುತ್ತಾರೆ. ಅರವತ್ತು ಪಾಲು ಒಂದು, ಮೂವತ್ತು ಇನ್ನೊಂದು, ಹತ್ತು ಮತ್ತೊಂದು. ಒಂದೇ ಬಣ್ಣ ಮಂಕಾಗುತ್ತದೆ, ಎರಡು ಎದುರುಬದುರು ನಿಂತು ಜಗಳಕ್ಕೆ ಬೀಳುತ್ತವೆ, ನಾಲ್ಕಾದರೆ ಸಂತೆ. ನಮ್ಮ ಇಳಕಲ್ ಸೀರೆಯ ಒಡಲು, ದಡಿ, ಸೆರಗನ್ನು ನೋಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಾಷ್ಟ್ರಧ್ವಜಕ್ಕೆ ಈ ಅರವತ್ತು ಮೂವತ್ತರ ಲೆಕ್ಕವಿಲ್ಲ. ಅಲ್ಲಿ ಮೂರಕ್ಕೂ ಸಮಪಾಲು. ಈ ಸಮಪಾಲು ಹೇಗೆ ಬಂತು, ನಡುವೆ ಬಿಳಿ ಹೇಗೆ ಕೂತಿತು ಎಂದು ಕೇಳುತ್ತ ಹೋದವನಿಗೆ ಸಿಕ್ಕ ಕಥೆ ಇದು. ಮುಂಬಯಿಯೂ ಹುಬ್ಬಳ್ಳಿಯೂ ಎರಡೂ ಅದರಲ್ಲಿವೆ ಎಂದು ತಿಳಿದಾಗ ನನಗೇ ಆಶ್ಚರ್ಯವಾಯಿತು.

ಮೊದಲು ಬಿಳಿಯೇ ಇರಲಿಲ್ಲ. 1907ರ ಆಗಸ್ಟ್ 22ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭೀಕಾಜಿ ಕಾಮಾ ಒಂದು ಬಾವುಟ ಬಿಚ್ಚಿದರು. ಕಾಮಾ ಮುಂಬಯಿಯ ಪಾರ್ಸಿ ಮನೆತನದವರು. ಆ ಬಾವುಟ ಈಗ ಪುಣೆಯ ಕೇಸರಿ ವಾಡೆಯಲ್ಲಿದೆ. ಹಸಿರು, ಹಳದಿ, ಕೆಂಪು ಮೂರು ಪಟ್ಟೆ. ನಡುವೆ ವಂದೇ ಮಾತರಂ. ಕೆಳಗೆ ಸೂರ್ಯ, ಚಂದ್ರ. ಬಣ್ಣಗಳು ಮೂರಾದರೂ ಮೂರೂ ಮಾತಾಡುವ ಬಣ್ಣಗಳು, ಕೇಳಿಸಿಕೊಳ್ಳುವ ಬಣ್ಣ ಒಂದೂ ಇಲ್ಲ. ಅದಕ್ಕೇ ಇರಬೇಕು, ಹೂವು, ಅಕ್ಷರ, ಸೂರ್ಯ, ಚಂದ್ರ ಎಲ್ಲವನ್ನೂ ತುಂಬಬೇಕಾಗಿ ಬಂದದ್ದು. ಹೇಳಬೇಕಾದದ್ದು ಬಹಳ, ಜಾಗ ಕಡಿಮೆ. ವಿಸಿಟಿಂಗ್ ಕಾರ್ಡಿನಲ್ಲಿ ಎಲ್ಲವನ್ನೂ ಹಾಕಿಸುವ ಗಿರಾಕಿಗಳನ್ನು ಕಂಡ ನನಗೆ ಆ ತವಕ ಅರ್ಥವಾಗುತ್ತದೆ. ಪರದೇಶದಲ್ಲಿ ನಿಂತು, ಇಲ್ಲದ ದೇಶವೊಂದನ್ನು ಇದೆ ಎಂದು ತೋರಿಸಬೇಕಾಗಿದ್ದವರು ಅವರು.

ಬಿಳಿ ಬಂದದ್ದು 1921ರಲ್ಲಿ. ಈಗಿನ ವಿಜಯವಾಡ ಆಗ ಬೆಜವಾಡ. ಅಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ ನಡೆದಾಗ ಪಿಂಗಳಿ ವೆಂಕಯ್ಯ ಕೆಂಪು ಹಸಿರಿನ ಎರಡು ಬಣ್ಣದ ನಮೂನೆ ತಂದಿದ್ದರು. ಹಿಂದೂಗಳಿಗೆ ಕೆಂಪು, ಮುಸಲ್ಮಾನರಿಗೆ ಹಸಿರು ಎಂಬುದು ಲೆಕ್ಕ. ಜಲಂಧರದ ಲಾಲಾ ಹಂಸರಾಜರ ಸಲಹೆಯಂತೆ ಚರಕ ಸೇರಿತು. ಗಾಂಧೀಜಿಗೂ ಅದು ಒಪ್ಪಿಗೆಯಾಗಿತ್ತು. ಆದರೆ ಸಭೆಯ ಮುಂದಿಡಲು ಬಾವುಟ ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ತಡವಾದದ್ದೇ ಒಳಿತಾಯಿತು ಎಂಬ ಧಾಟಿಯಲ್ಲಿ ಅವರು ಅದೇ ಏಪ್ರಿಲ್‌ನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬರೆದರು. ಸಿಕ್ಕ ಬಿಡುವಿನಲ್ಲಿ ಯೋಚಿಸಿದಾಗ ಅವರಿಗೆ ಹೊಳೆದದ್ದು, ಇಬ್ಬರನ್ನು ಹೆಸರಿಸಿದರೆ ಉಳಿದವರೆಲ್ಲ ಹೊರಗೆ ನಿಲ್ಲುತ್ತಾರೆ ಎಂಬುದು. ಸಿಖ್ಖರು, ಪಾರ್ಸಿಗಳು, ಕ್ರೈಸ್ತರು, ಯಹೂದಿಗಳು? ಅವರೆಲ್ಲರಿಗಾಗಿ ಬಿಳಿ.

ಮುದ್ರಣಾಲಯದ ಭಾಷೆಯಲ್ಲಿ ಹೇಳುವುದಾದರೆ ಎರಡು ಬಣ್ಣದ ಕೆಲಸ ಮೂರು ಬಣ್ಣದ್ದಾಯಿತು. ಮೂರನೆಯದು ಯಾರೂ ಹೊಡೆಯದ ಬಣ್ಣ. ಆದರೆ ಆಗ ಬಿಳಿ ಇದ್ದದ್ದು ನಡುವೆ ಅಲ್ಲ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಚರಕ ಮೂರೂ ಪಟ್ಟೆಗಳ ಮೇಲೆ ಹರಡಿಕೊಂಡಿತ್ತು. ಕಣ್ಣಿಗೆ ತುಸು ಗಲಿಬಿಲಿಯೇ. ಆದರೂ ಜನ ಅದರ ಹಿಂದೆ ಹೋದರು. 1923ರಲ್ಲಿ ನಾಗಪುರದಲ್ಲಿ ಈ ಬಾವುಟ ಹಿಡಿದು ಮೆರವಣಿಗೆ ಹೋಗಬಾರದೆಂದು ಸರ್ಕಾರ ತಡೆದಾಗ ದೇಶದ ಮೂಲೆ ಮೂಲೆಯಿಂದ ಸ್ವಯಂಸೇವಕರು ಹೋಗಿ ಜೈಲು ತುಂಬಿದರು. ಹುಬ್ಬಳ್ಳಿಯಿಂದ ಹೋದವರನ್ನು ಕರೆದೊಯ್ದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಜೈಲಿನ ಕಷ್ಟ ತಾಳದೆ ಹಲವರು ಕ್ಷಮೆ ಕೇಳಿ ಹೊರಬಂದರೂ ಹುಬ್ಬಳ್ಳಿಯ ತಂಡ ಜಗ್ಗಲಿಲ್ಲ ಎಂಬುದು ನಮ್ಮ ಕಡೆ ಹಿರಿಯರು ಎದೆ ಉಬ್ಬಿಸಿ ಹೇಳುತ್ತಿದ್ದ ಮಾತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಅದರ ಕೇಂದ್ರ ಹುಬ್ಬಳ್ಳಿ. ಮರುವರ್ಷ, 1924ರ ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷರಾದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಶಿಸ್ತಾಗಿ ನಿಂತದ್ದೂ ಇದೇ ದಳ.

ಅಷ್ಟರಲ್ಲಿ ಬಣ್ಣಗಳ ಅರ್ಥವೇ ತಕರಾರಾಯಿತು. ಪಟ್ಟೆಗಳನ್ನು ಧರ್ಮಕ್ಕೊಂದರಂತೆ ಹಂಚಿದರೆ ಆಗುವುದು ಇಷ್ಟೇ. ಸಿಖ್ಖರು, ನಮ್ಮ ಬಣ್ಣವೂ ಬೇಕು, ಇಲ್ಲವೇ ಯಾರ ಬಣ್ಣವೂ ಬೇಡ ಎಂದರು. ನ್ಯಾಯವೇ. 'ಉಳಿದವರೆಲ್ಲ' ಎಂಬ ಒಂದು ಪಟ್ಟೆಯೊಳಗೆ ಸೇರಿಸಿದರೆ ಯಾರಿಗೆ ಸಂತೋಷ? ಊರು ಬಿಟ್ಟು ಬಂದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಈ ಊರಲ್ಲಿ ಎಷ್ಟೋ ವರ್ಷ ನಮ್ಮನ್ನೆಲ್ಲ, ಕನ್ನಡದವರು, ತಮಿಳರು, ತೆಲುಗರು, ಮಲಯಾಳಿಗಳು, ಯಾರೇ ಇರಲಿ, 'ಮದ್ರಾಸಿ' ಎಂಬ ಒಂದೇ ಮೂಟೆಯಲ್ಲಿ ಕಟ್ಟಿ ಇಟ್ಟಿದ್ದರು.

1931ರಲ್ಲಿ ಕರಾಚಿ ಕಾಂಗ್ರೆಸ್ಸಿನ ಹೊತ್ತಿಗೆ ಇದನ್ನು ಇತ್ಯರ್ಥ ಮಾಡಲು ಏಳು ಜನರ ಸಮಿತಿ ನೇಮಕವಾಯಿತು. ಸರ್ದಾರ್ ಪಟೇಲ್, ನೆಹರು, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ. ಅವರ ಜೊತೆ ಡಾ. ಹರ್ಡೀಕರ್. ವಿಜಯಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿದ, ಹುಬ್ಬಳ್ಳಿಯನ್ನು ಕರ್ಮಭೂಮಿ ಮಾಡಿಕೊಂಡ ಕನ್ನಡಿಗ ದೇಶದ ಬಾವುಟದ ಬಣ್ಣ ನಿರ್ಧರಿಸುವ ಮೇಜಿನಲ್ಲಿ ಕೂತಿದ್ದರು ಎಂಬುದು ನನಗೆ ತಿಳಿದದ್ದು ಊರು ಬಿಟ್ಟು ಇಪ್ಪತ್ತು ವರ್ಷದ ಮೇಲೆ.

ಸಮಿತಿ ಕೊಟ್ಟ ಉತ್ತರ ಇನ್ನೂ ಆಶ್ಚರ್ಯದ್ದು. ಮೂರೂ ಬೇಡ, ಒಂದೇ ಬಣ್ಣ ಇರಲಿ, ಅದು ಕೇಸರಿ, ಮೂಲೆಯಲ್ಲಿ ಕೆಂಗಂದು ಬಣ್ಣದ ಚರಕ. ಯಾರಿಗೂ ಪಾಲು ಕೊಡದಿದ್ದರೆ ಪಾಲಿನ ಜಗಳವೇ ಇಲ್ಲ ಎಂಬ ತರ್ಕ. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ತಪ್ಪೆನ್ನಲಾಗದು. ದೂರದಿಂದ ಕಾಣುತ್ತದೆ, ಬೇರೆ ದೇಶದ ಬಾವುಟದ ಜೊತೆ ಗೊಂದಲವಾಗದು, ಅಚ್ಚು ಹಾಕುವವನಿಗೆ ಖರ್ಚೂ ಕಡಿಮೆ. ಆದರೆ ಹತ್ತು ವರ್ಷ ಮೂರು ಬಣ್ಣ ಹಿಡಿದು ಲಾಠಿ ತಿಂದವರ ಕೈಯಿಂದ ಎರಡನ್ನು ಕಿತ್ತುಕೊಳ್ಳುವುದು ಹೇಗೆ? 1931ರ ಆಗಸ್ಟ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿ ಆ ಸಲಹೆಯನ್ನು ಬದಿಗಿಟ್ಟಿತು. ಆ ಸಭೆ ನಡೆದದ್ದು ಇದೇ ಮುಂಬಯಿಯಲ್ಲಿ.

ಮುಂಬಯಿ ಸಭೆ ಮಾಡಿದ್ದು ನಾಲ್ಕು ಕೆಲಸ. ಬಣ್ಣ ಮೂರೇ ಎಂದಿತು. ಕೆಂಪಿನ ಜಾಗದಲ್ಲಿ ಕೇಸರಿಯನ್ನು ತಂದಿತು. ಸಾಲು ಬದಲಿಸಿ ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು ಮಾಡಿ, ಬಿಳಿಯ ನಡುಮಧ್ಯೆ ಕಡುನೀಲಿ ಚರಕವನ್ನು ಕೂರಿಸಿತು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಈ ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲ ಎಂದು ಬರೆದೇ ಇಟ್ಟಿತು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಶಾಂತಿ ಮತ್ತು ಸತ್ಯ, ಹಸಿರು ಶ್ರದ್ಧೆ ಮತ್ತು ಶೌರ್ಯ. ಹೀಗೆ ಪಾಲು ಪಟ್ಟಿ ಹೋಗಿ ಗುಣಗಳ ಪಟ್ಟಿ ಬಂತು. ಗುಣದ ಮೇಲೆ ಯಾರು ಬೇಕಾದರೂ ಹಕ್ಕು ಹೇಳಬಹುದು.

ಬಿಳಿಯನ್ನು ಮೇಲಿನಿಂದ ನಡುವಿಗೆ ತಂದದ್ದರ ಬೆಲೆ ಗೊತ್ತಾಗಬೇಕಾದರೆ ಅಚ್ಚಿನ ಮನೆಯಲ್ಲಿ ಕೆಲಸ ಮಾಡಿರಬೇಕು. ಕೇಸರಿಗೆ ಹಸಿರು ತಾಗಿದರೆ ಅಂಚಿನಲ್ಲಿ ಕೆಸರುಬಣ್ಣ ಹುಟ್ಟುತ್ತದೆ. ನಡುವೆ ಬಿಳಿ ಇದ್ದರೆ ಎರಡೂ ತಮ್ಮ ತಮ್ಮ ಮೆರುಗಿನಲ್ಲೇ ಉಳಿಯುತ್ತವೆ. ಚರಕಕ್ಕೂ ಕೂರಲು ಪೀಠ ಸಿಕ್ಕಿತು. ಇಂಥದೇ ಉಪಾಯವನ್ನು ಐರ್ಲೆಂಡಿನವರು 1848ರಲ್ಲೇ ಕಂಡುಕೊಂಡಿದ್ದರು. ಕ್ಯಾಥೊಲಿಕರ ಹಸಿರು, ಪ್ರಾಟೆಸ್ಟೆಂಟರ ಕಿತ್ತಳೆ, ನಡುವೆ ಇಬ್ಬರ ಶಾಂತಿಗಾಗಿ ಬಿಳಿ. ಅಲ್ಲಿ ಆ ಶಾಂತಿ ಬರಲು ಎಷ್ಟು ಕಾಲ ಹಿಡಿಯಿತೆಂಬುದು ಲೋಕಕ್ಕೇ ಗೊತ್ತು. ಬಾವುಟದಲ್ಲಿ ಬಿಳಿ ಬಿಡುವುದು ಸುಲಭ. ಬೀದಿಯಲ್ಲಿ ಬಿಡುವುದು ಕಷ್ಟ.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರು ಗೊತ್ತುವಳಿ ಮಂಡಿಸಿದರು. ಬಣ್ಣ ಮೂರೂ ಉಳಿದವು, ಸಮಪಾಲಿನಲ್ಲಿ. ಚರಕದ ಜಾಗಕ್ಕೆ ಸಾರಾನಾಥದ ಅಶೋಕಸ್ತಂಭದ ಚಕ್ರ ಬಂತು. ಚರಕವಾದರೆ ಒಂದು ಕಡೆಯಿಂದ ನೋಡಿದರೆ ನೆಟ್ಟಗೆ, ಇನ್ನೊಂದು ಕಡೆಯಿಂದ ತಿರುವುಮುರುವು. ಚಕ್ರಕ್ಕೆ ಆ ತೊಂದರೆಯಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ದೇಶ ವಸ್ತುಗಳಿಗೆ ಮಾನಕ ಬರೆಯಲು ಕೂತಾಗ ಮೊತ್ತಮೊದಲ ನಂಬರು ಹೋದದ್ದು ಬಾವುಟಕ್ಕೇ: 1951ರ ಐಎಸ್ 1. ಸಿಮೆಂಟಿಗಲ್ಲ, ಉಕ್ಕಿಗಲ್ಲ. 1964ರಲ್ಲಿ, 1968ರಲ್ಲಿ ಅದು ಪರಿಷ್ಕಾರವಾಯಿತು. ಅದರಲ್ಲಿ ಬಟ್ಟೆ, ನೂಲು, ಹೊಲಿಗೆ ಮಾತ್ರವಲ್ಲ, ಕೇಸರಿ ಎಂದರೆ ಯಾವ ಕೇಸರಿ, ಹಸಿರೆಂದರೆ ಯಾವ ಹಸಿರು ಎಂಬುದನ್ನು ಬೆಳಕಿನ ಅಂಕಿಗಳಲ್ಲಿ ಕಟ್ಟಿಟ್ಟಿದ್ದಾರೆ. ಬಣ್ಣದ ಹೆಸರು ನಾಲಿಗೆಗೊಂದು ಥರ, ಅಂಕಿ ಎಲ್ಲರಿಗೂ ಒಂದೇ.

ಅದು ಎಷ್ಟು ಅಗತ್ಯವೆಂದು ನಮ್ಮ ಪ್ರೆಸ್ಸಿನಲ್ಲಿ ಪ್ರತಿ ಆಗಸ್ಟ್‌ಗೂ ಗೊತ್ತಾಗುತ್ತಿತ್ತು. ನಾನು ಕಲಸಿದ ಶಾಯಿ ನೋಡಿ ಕೊಂಕಣದ ಸಹೋದ್ಯೋಗಿ "ಇದು ನಾರಿಂಗಿ, ಕೇಶರಿ ಅಲ್ಲ" ಎನ್ನುತ್ತಿದ್ದ. ಅವನು ಕಲಸಿದ್ದು ನನ್ನ ಕಣ್ಣಿಗೆ ಕಾವಿ. ಉತ್ತರ ಪ್ರದೇಶದ ಹುಡುಗ ಎರಡನ್ನೂ ನೋಡಿ ಭಗವಾ ಎಂದು ಕೈಮುಗಿಯುತ್ತಿದ್ದ. ಕಾವಿ, ಕೇಸರಿ, ಕಿತ್ತಳೆ, ಭಗವಾ: ನಾಲ್ಕು ಡಬ್ಬಿ ಶಾಯಿಯಲ್ಲ, ನಾಲ್ಕು ರಾಜಕೀಯ. ಹಸಿರಿನ ವಿಷಯದಲ್ಲೂ ಹಾಗೇ. ಬಿಳಿಯ ಬಗ್ಗೆ ಮಾತ್ರ ಯಾರೂ ವಾದಿಸಲಿಲ್ಲ. ಅದರ ಮೇಲೆ ಯಾರಿಗೂ ಕಣ್ಣಿಲ್ಲವಲ್ಲ. ಅದಕ್ಕೇ ನನ್ನಂಥವನು ಅದನ್ನು ತಿಂದು ಹಾಕಿದ್ದು.

2000ದ ದಶಕದಲ್ಲಿ ಬಾವುಟದ ಬದುಕು ಬದಲಾಯಿತು. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆ ಸಾಮಾನ್ಯ ನಾಗರಿಕನೂ ವರ್ಷವಿಡೀ ಮನೆಯ ಮೇಲೆ ಬಾವುಟ ಹಾರಿಸಬಹುದು ಎಂದಿತು. 2005ರಲ್ಲಿ ಕಟ್ಟುಪಾಡುಗಳೊಡನೆ ಉಡುಪಿನ ಮೇಲೂ ಅದಕ್ಕೆ ಅವಕಾಶವಾಯಿತು. ಸೊಂಟದ ಕೆಳಗೆ ಕೂಡದು. ವ್ಯಾಪಾರದ ಮುದ್ರೆಗೆ ಮಾತ್ರ 1950ರ ಕಾಯಿದೆಯ ತಡೆ ಇದ್ದೇ ಇದೆ. ಆದರೆ ಬಾವುಟಕ್ಕಿರುವ ತಡೆ ಬಣ್ಣಗಳಿಗಿಲ್ಲ. "ಝೆಂಡಾ ಬೇಡ, ಝೆಂಡಾದ ಕಲರ್ ಹಾಕಿ" ಎನ್ನುವ ಗಿರಾಕಿಗಳು ಸಾಲುಗಟ್ಟಿದರು. ಮಿಠಾಯಿ ಡಬ್ಬಿ, ಕ್ರಿಕೆಟ್ ಟೋಪಿ, ಬಾಡಿಗೆ ಕಾರಿನ ಸ್ಟಿಕರ್. ನಾವೂ ಹೊಡೆದುಕೊಟ್ಟೆವು. ಹೊಟ್ಟೆಪಾಡು.

ಆ ದಶಕದ ಕೊನೆಗೊಮ್ಮೆ ಊರಿಗೆ ಹೋದಾಗ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿದ್ದೆ. 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಮಾನಕದ ಪ್ರಕಾರ ರಾಷ್ಟ್ರಧ್ವಜ ತಯಾರಿಸುವ ಪರವಾನಗಿ ಪಡೆದು 2000ದ ದಶಕದ ಮಧ್ಯಭಾಗದಿಂದ ದೇಶಕ್ಕೆಲ್ಲ ಬಾವುಟ ಕಳಿಸುತ್ತಿರುವ ಸಂಸ್ಥೆ. ಬಟ್ಟೆ ನೇಯುವುದು ಬಾಗಲಕೋಟೆ ಕಡೆ. ಧಾರವಾಡದ ಗರಗದ ಖಾದಿಗೂ ಬಾವುಟದ ನಂಟು ಹಳೆಯದು. ನೂತು ನೇಯ್ದ ಬಟ್ಟೆ ಮೂರು ಪಾಲಾಗುತ್ತದೆ. ಒಂದು ಪಾಲಿಗೆ ಕೇಸರಿ, ಒಂದಕ್ಕೆ ಹಸಿರು. ಮೂರನೆಯದನ್ನು ತೊಳೆದು ತೊಳೆದು ಬಿಳಿ ಮಾಡುತ್ತಾರೆ. ಚಕ್ರವನ್ನು ಬಿಳಿಯ ಎರಡೂ ಮಗ್ಗುಲಿಗೆ, ಒಂದರ ಬೆನ್ನಿಗೆ ಇನ್ನೊಂದು ಸರಿಯಾಗಿ ಕೂರುವಂತೆ, ಅಚ್ಚು ಹಾಕಬೇಕು. ಚಿಕ್ಕದು ಆರಿಂಚು, ದೊಡ್ಡದು ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಒಟ್ಟು ಒಂಬತ್ತು ಅಳತೆ. ಹೊಲಿಗೆಯಲ್ಲಿ ಕೂತವರು ಬಹುಪಾಲು ಹೆಣ್ಣುಮಕ್ಕಳು. ಒಬ್ಬಾಕೆ ಪಟ್ಟಿ ಇಟ್ಟು ಪಟ್ಟೆ ಅಳೆಯುತ್ತಿದ್ದಳು. ಮೇಲಿನದು, ಕೆಳಗಿನದು, ಕೊನೆಗೆ ನಡುವಿನದು. "ನಡಕಿಂದು ಯಾಕ ಎರಡ ಸಲ ಅಳೀತೀಯವ್ವಾ?" ಎಂದು ಕೇಳಿದೆ. "ಎರಡೂ ಕಡೆ ಹೊಲಿಗಿ ಬೀಳೋದು ಅದಕ್ಕ ಅಲ್ಲೇನ್ರೀ? ಸಣ್ಣ ಆಗೂದೂ ಅದ" ಎಂದಳು. ಕುಂದಾಪುರದ ಫೋರ್‌ಮನ್ ನೆನಪಾದರು.

ಮುಂಬಯಿಗೆ ಮರಳಿದ ಮೇಲೆ ಸರ್ಕಾರಿ ಕಟ್ಟಡದ ಮೇಲೆ ಬಾವುಟ ಕಂಡಾಗಲೆಲ್ಲ "ಇದು ನಮ್ಮೂರಿಂದು ಇರಬಹುದು" ಎಂದು ಪಕ್ಕದವರಿಗೆ ಹೇಳುವ ಚಾಳಿ ಬಿತ್ತು. ಯಾರೂ ನಂಬುತ್ತಿರಲಿಲ್ಲ. ಊರು ಬಿಟ್ಟವನಿಗೆ ಇಂಥ ಸಣ್ಣ ಹೆಮ್ಮೆಗಳೇ ಬುತ್ತಿ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೂ ತಿರಂಗಾ ಬಂತು. ನಮ್ಮ ಚಾಳಿನ ಪ್ರತಿ ಕಿಟಕಿಯಲ್ಲೂ ಬಾವುಟ ನೋಡಿ ಖುಷಿಯಾಯಿತು ಎಂದರೆ ಸುಳ್ಳಲ್ಲ. ಅದೇ ಹೊತ್ತಿಗೆ ಬೆಂಗೇರಿಯವರು ತಮ್ಮ ಬೇಡಿಕೆ ಕುಸಿಯಿತೆಂದು ತಿದ್ದುಪಡಿಯನ್ನು ವಿರೋಧಿಸಿ ನಿಂತದ್ದೂ ಸುಳ್ಳಲ್ಲ. ಹಾಗೆಂದು ನಾನು ಬೆರಳು ತೋರಿಸಲಾರೆ. ವರ್ಷಗಟ್ಟಲೆ ಅಗ್ಗದ ಕಾಗದದ ಬಾವುಟ ಹೊಡೆದು ಬದುಕಿದವನು ನಾನು. ಆದರೆ ಬೀದಿಯಲ್ಲಿ ಕೊಂಡ ಒಂದು ಬಾವುಟಕ್ಕೆ ಅಳತೆಪಟ್ಟಿ ಇಟ್ಟು ನೋಡಿದೆ. ಪಟ್ಟೆಗಳು ಸಮ ಇರಲಿಲ್ಲ. ಯಾವುದು ಕಡಿಮೆ ಇತ್ತೆಂದು ಹೇಳಬೇಕಿಲ್ಲವಷ್ಟೆ.

ಕೊನೆಗೊಂದು ಮಾತು, ನಮ್ಮದೇ ಬಾವುಟದ್ದು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಹಳದಿ ಕೆಂಪಿನ ಕನ್ನಡ ಬಾವುಟಕ್ಕೆ 2018ರ ಮಾರ್ಚ್ 8ರಂದು ಕರ್ನಾಟಕ ಸರ್ಕಾರ ನಡುವೆ ಬಿಳಿ ಸೇರಿಸಿ, ಅದರಲ್ಲಿ ಗಂಡಭೇರುಂಡದ ರಾಜ್ಯಲಾಂಛನ ಇಟ್ಟು, ಮೂರು ಬಣ್ಣದ ನಮೂನೆ ತೋರಿಸಿತು. ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಬಳಕೆಯಲ್ಲಿ ಉಳಿದದ್ದು ಹಳೆಯದೇ. ಆ ವರ್ಷದ ರಾಜ್ಯೋತ್ಸವಕ್ಕೆ ಇಲ್ಲಿಯ ಒಂದು ಕನ್ನಡ ಸಂಘದಲ್ಲಿ ಇದೇ ಚರ್ಚೆ. ಅರಿಶಿನ ಕುಂಕುಮಕ್ಕೆ ಬಿಳಿ ಯಾಕೆ ಎಂದರು ಕೆಲವರು. ನನಗೂ ಹಳದಿ ಕೆಂಪೇ ಅಭ್ಯಾಸ. ಅದನ್ನು ಕಂಡರೆ ಪರಊರಿನ ರೈಲ್ವೆ ನಿಲ್ದಾಣದಲ್ಲೂ ಮೈ ಜುಂ ಎನ್ನುತ್ತದೆ. ಹಿಡಿದು ನಡೆದ ಜನರ ಕೈಯಿಂದ ಬಣ್ಣ ಬದಲಿಸುವುದು ಸುಲಭವಲ್ಲವೆಂದು 1931 ಕಲಿಸಿದೆ. ಆದರೆ ಬಿಳಿ ಯಾಕೆ ಎಂಬ ಪ್ರಶ್ನೆಗೆ ನಾನು ಉತ್ತರ ಹೇಳದೆ ಇರಲಾಗಲಿಲ್ಲ. "ಬೆಂಗಳೂರಿಗೆ ಬಂದ ತಮಿಳ, ಮಂಗಳೂರಿಗೆ ಬಂದ ಬಿಹಾರಿ ಎಲ್ಲಿ ನಿಲ್ಲಬೇಕ್ರೀ? ನಾವು ಇಲ್ಲಿ ಮರಾಠಿಯವರ ನಡುವೆ ನಲವತ್ತು ವರ್ಷ ನಿಂತದ್ದು ಎಲ್ಲಿ?" ಎಂದೆ.

ಸಭೆ ತುಸು ಹೊತ್ತು ಸುಮ್ಮನಾಯಿತು. ಆಮೇಲೆ ಯಾರೋ ಚಹ ಬಂತು ಎಂದರು.

ಆ ಮುದ್ರಣಾಲಯ ಈಗಿಲ್ಲ. ಫೋರ್‌ಮನ್ ಬಳಸುತ್ತಿದ್ದ ಉಕ್ಕಿನ ಪಟ್ಟಿ ನನ್ನ ಬಳಿ ಇದೆ. ಆಗಸ್ಟ್‌ನಲ್ಲಿ ಮೊಮ್ಮಗಳು ಬಾವುಟ ಬರೆಯಲು ಕೂತರೆ ಅದನ್ನೇ ಕೊಡುತ್ತೇನೆ. ಅವಳು ಮೊದಲು ಕೇಸರಿ ತುಂಬುತ್ತಾಳೆ, ಆಮೇಲೆ ಹಸಿರು. "ಅಜ್ಜಾ, ಬಿಳಿ ಪೆನ್ಸಿಲ್ ಎಲ್ಲಿ?" ಎಂದು ಪ್ರತಿ ವರ್ಷ ಕೇಳುತ್ತಾಳೆ.

"ಅದು ಹಚ್ಚೂದಲ್ಲವಾ, ಬಿಡೂದು" ಎನ್ನುತ್ತೇನೆ.